ದನಗಳ ರಕ್ತಮೂತ್ರ ರೋಗ

ಗುಡ್ಡಗಾಡಿನಲ್ಲಿ ಮೇಯುವ ದನಗಳ ಮೂತ್ರಕೋಶದ ಒಳಪದರದಲ್ಲಿ ಗಂಟುಗಳೆದ್ದು, ಮೂತ್ರದೊಡನೆ ರಕ್ತ ಹೋಗುವ ದೀರ್ಘಕಾಲದ ವ್ಯಾಧಿ. ಟರ್ಕಿಯ ಕಪ್ಪು ಸಮುದ್ರದ ಸೀಮೆ, ದಕ್ಷಿಣ ಇಟಲಿ, ಬ್ರೆಜಿಲ್, ಅಜೋರ್ಸ್ ದ್ವೀಪಗಳು, ಭಾರತದಲ್ಲಿ ಹಿಮಾಲಯದ ಇಳಿಜಾರುಗಳು ಹಾಗೂ ನೀಲಗಿರಿ ಇದರ ನೆಲೆಗಳು. ಎಳೆಗರುಗಳಲ್ಲಿ ಅಪರೂಪ, ವರ್ಷಗಟ್ಟಲೆ ಅದೇ ಬೆಟ್ಟದಲ್ಲಿ ಮೇದ ರಾಸುಗಳಿಗೇ ತಗಲುತ್ತದೆ.

ಉಣ್ಣೆಗಳು ಕಚ್ಚಿ ಹರಡುವ ಬೇಬಿಸಿಯೋಸಿಸ್‌ನಲ್ಲೂ ಮೂತ್ರ ಕೆಂಪಾಗುವುದರಿಂದ ಎರಡನ್ನೂ ಒಂದೆಂದು ಎಣಿಸುವುದು ಸುಲಭ. ಪರೀಕ್ಷೆಯೇನೂ ಕಷ್ಟದ್ದಲ್ಲ. ಮೂತ್ರವನ್ನು ಗಾಜಿನ ಲೋಟದಲ್ಲಿ ಇಟ್ಟರೆ ರಕ್ತಮೂತ್ರ ರೋಗದಲ್ಲಿ ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ. ಬೇಬಿಸಿಯೋಸಿಸ್‌ನಲ್ಲಿ ಕಣಗಳು ಒಡೆದು ಬಣ್ಣ ಮಾತ್ರ ಕರಗಿರುವುದರಿಂದ ಏನೂ ಇಳಿಯುವುದಿಲ್ಲ.

ಕಾರಣ ತಿಳಿದದ್ದು ತಡವಾಗಿ. ಕಾಡು ಕಡಿದು ಸುಟ್ಟ ಜಾಗದಲ್ಲಿ ಮೊದಲು ತಲೆಯೆತ್ತುವ ಬ್ರಾಕೆನ್ ಜರೀಗಿಡದ ಮೇಲೆ ಅನುಮಾನವಿತ್ತು. ಅದರ ಗೆಡ್ಡೆಕಾಂಡ ನೆಲದಡಿ ಹಬ್ಬುವುದರಿಂದ ಬೆಂಕಿಗೂ ಬಗ್ಗದು. 1965ರಲ್ಲಿ ವೇಲ್ಸ್‌ನ ಇವಾನ್ಸ್ ಮತ್ತು ಮೇಸನ್ ಈ ಜರೀಗಿಡ ತಿಂದ ಇಲಿಗಳಲ್ಲಿ ಕ್ಯಾನ್ಸರ್ ಕಂಡರು. ಆದರೆ ರೈತನ ಪ್ರಶ್ನೆ ಹಸುವಿನದು. ಅದಕ್ಕೆ ಉತ್ತರ ಕೊಟ್ಟವರು ಟರ್ಕಿಯ ಪಾಮುಕ್ಚು ಮತ್ತು ಸಹೋದ್ಯೋಗಿಗಳು: 1967ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಜರೀಗಿಡ ತಿನ್ನಿಸಿದ ಹಸುಗಳ ಮೂತ್ರಕೋಶದಲ್ಲಿ ಗಡ್ಡೆಗಳು ಮೂಡಿದ್ದವು. 

ವಿಷವಸ್ತು ಟಾಕ್ವಿಲೋಸೈಡ್ ಕೈಗೆ ಸಿಕ್ಕಿದ್ದು 1983ರಲ್ಲಿ. ಜಪಾನ್ ಮತ್ತು ನೆದರ್ಲೆಂಡ್ಸ್‌ನ ಎರಡು ತಂಡಗಳು ಬೇರೆಬೇರೆಯಾಗಿಯೇ ಅದನ್ನು ಪ್ರತ್ಯೇಕಿಸಿದವು. ಪೆಟ್ಟು ಮೂತ್ರಕೋಶಕ್ಕೇ ಏಕೆ ಬೀಳುತ್ತದೆಂಬುದಕ್ಕೂ ಇದರಿಂದ ವಿವರಣೆ ದೊರೆಯಿತು. ದನದ ಮೂತ್ರ ಸಾಮಾನ್ಯವಾಗಿ ಕ್ಷಾರೀಯ. ಕ್ಷಾರದಲ್ಲಿ ಟಾಕ್ವಿಲೋಸೈಡ್ ಡಿಎನ್‌ಎಗೆ ಅಂಟಿಕೊಳ್ಳುವ ರೂಪಕ್ಕೆ ತಿರುಗುತ್ತದೆ. ಮುಂದೆ ಗ್ಲ್ಯಾಸ್ಗೋದ ಕಾಂಪೋ, ಜ್ಯಾರೆಟ್ ಮತ್ತಿತರರು 1992ರಲ್ಲಿ ಗೋವಿನ ಪ್ಯಾಪಿಲೋಮಾ ವೈರಸ್‌ನ ಎರಡನೇ ಬಗೆಯೂ ಜರೀಗಿಡದ ಜೊತೆಗೂಡುತ್ತದೆಂದು ತೋರಿಸಿದರು.

ಗಂಟುಗಳು ಬೆಳೆದ ಮೇಲೆ ನೆಚ್ಚಬಹುದಾದ ಚಿಕಿತ್ಸೆಯಿಲ್ಲ. ರಕ್ತ ಸೋರಿ ಸೋರಿ ರಾಸು ಬಡಕಲಾಗುತ್ತದೆ. ಮೇವಿಲ್ಲದ ತಿಂಗಳುಗಳಲ್ಲಿ ದನಗಳು ಜರಿಗೆ ಬಾಯಿ ಹಾಕದಂತೆ ಬೇರೆ ಮೇವು ಒದಗಿಸುವುದೇ ಈಗಲೂ ಮುಖ್ಯ ಉಪಾಯ. ವಿಷ ಹಾಲಿಗೂ ಇಳಿಯುವುದರಿಂದ ಈ ವಿಷಯ ಪಶುವೈದ್ಯರಿಗಷ್ಟೇ ಸಂಬಂಧಿಸಿದ್ದಲ್ಲ.