ಗಣಿತದ ತರಗತಿಯಲ್ಲಿ ಹೆಣ್ಣುಮಕ್ಕಳು: ಇತಿಹಾಸದ ಒಂದು ನೋಟ



'ಲೆಕ್ಕ ಹುಡುಗರಿಗೆ, ಭಾಷೆ ಹುಡುಗಿಯರಿಗೆ' ಎಂಬ ಮಾತನ್ನು ನಮ್ಮ ಭಾಗದ ಶಾಲೆಗಳಲ್ಲಿ ನೀವೂ ಕೇಳಿರುತ್ತೀರಿ. ಇದು ಹುಟ್ಟುಗುಣವೋ, ಜನರೇ ಮಾಡಿಕೊಂಡ ಏರ್ಪಾಡೋ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಭಾಸ್ಕರಾಚಾರ್ಯರು 1150ರಲ್ಲಿ 'ಲೀಲಾವತಿ' ಬರೆದರು. ತಮ್ಮ ಊರು ವಿಜ್ಜಡವಿಡ ಎಂದು ಅವರೇ ಹೇಳಿದ್ದಾರೆ. ಅದು ನಮ್ಮ ವಿಜಯಪುರವೆಂದು ಹಲವರೂ, ಮಹಾರಾಷ್ಟ್ರದ ಪಾಟಣೆ ಎಂದು ಕೆಲವರೂ ವಾದಿಸುತ್ತಾರೆ. ಆ ಗ್ರಂಥದ ಹಲವು ಲೆಕ್ಕಗಳು 'ಬಾಲೆ' ಎಂದು ಒಬ್ಬ ಹುಡುಗಿಯನ್ನು ಕರೆದು ಕೇಳಿದಂಥವು. ಕೆಲವು 'ಸಖೇ' ಎಂದು ಗೆಳೆಯನನ್ನು ಕರೆದಂಥವು. ಲೀಲಾವತಿ ಅವರ ಮಗಳು, ಜಲಗಡಿಯಾರದಲ್ಲಿ ಮುತ್ತು ಬಿದ್ದು ಮದುವೆಯ ಮುಹೂರ್ತ ತಪ್ಪಿತು ಎಂಬ ಕಥೆ ನಮಗೆ ದೊರೆಯುವುದು ಅಕ್ಬರನ ಆಸ್ಥಾನದ ಕವಿ ಫೈಜಿ 1587ರಲ್ಲಿ ಮಾಡಿದ ಫಾರ್ಸಿ ಅನುವಾದದಲ್ಲಿ. ಕಥೆ ನಿಜವಿರಲಿ ಬಿಡಲಿ, ಹೆಣ್ಣುಮಗಳಿಗೆ ಲೆಕ್ಕ ಕೇಳುವುದು ಆ ಪಂಡಿತರಿಗೆ ವಿಚಿತ್ರವೆನಿಸಲಿಲ್ಲ ಎಂಬುದಷ್ಟೇ ನನಗೆ ಮುಖ್ಯ.

ವಿಚಿತ್ರವೆನಿಸಿದ್ದು ಆಮೇಲೆ. 1882ರ ಹಂಟರ್ ಆಯೋಗವು ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯ ಪಾಠಗಳು ಗಂಡುಮಕ್ಕಳದಕ್ಕಿಂತ ಸುಲಭವಾಗಿರಲಿ, ಮನೆವಾರ್ತೆಗೆ ಹೊಂದುವಂತಿರಲಿ ಎಂದು ಶಿಫಾರಸು ಮಾಡಿತು. ಉದ್ದೇಶ ಕೆಟ್ಟದ್ದಿರಲಿಕ್ಕಿಲ್ಲ, ಹೇಗಾದರೂ ಹುಡುಗಿಯರು ಶಾಲೆಗೆ ಬರಲಿ ಎಂಬ ಆಸೆ ಅದರಲ್ಲಿತ್ತು. ಆದರೆ ಸುಲಭ ಪಾಠ ಓದಿದವಳನ್ನು ಮುಂದೆ 'ಇವಳಿಗೆ ಕಠಿಣ ಲೆಕ್ಕ ಬರುವುದಿಲ್ಲ' ಎಂದು ಅಳೆಯುವುದು ಯಾವ ನ್ಯಾಯ? ಸ್ವಾತಂತ್ರ್ಯದ ನಂತರ ಹಂಸಾ ಮೆಹ್ತಾ ಸಮಿತಿ ಈ ಭೇದ ಬೇಡವೆಂದಿತು. (1948ರ ಮಾನವ ಹಕ್ಕುಗಳ ಘೋಷಣೆಯಲ್ಲಿ 'ಎಲ್ಲ ಪುರುಷರು' ಎಂದಿದ್ದನ್ನು 'ಎಲ್ಲ ಮಾನವರು' ಎಂದು ಬದಲಿಸಲು ಹಟ ಹಿಡಿದವರೂ ಇದೇ ಹಂಸಾ ಮೆಹ್ತಾ.) ಕೊಠಾರಿ ಆಯೋಗ (1964-66) ಅದನ್ನು ಒಪ್ಪಿ, ಮೊದಲ ಹತ್ತು ವರ್ಷ ಗಣಿತ ಮತ್ತು ವಿಜ್ಞಾನ ಎಲ್ಲರಿಗೂ ಕಡ್ಡಾಯವಾಗಲಿ ಎಂದಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ದಾರಿ ಹಿಡಿಯಿತು.

ಪುಸ್ತಕ ಒಂದಾಯಿತು, ತರಗತಿ ಒಂದಾಯಿತೇ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಸಿದ್ಧವಾದ ಗಣಿತ ಬೋಧನೆಯ ವರದಿಯನ್ನು ಶಿಕ್ಷಕ ಬಂಧುಗಳು ಓದಲೇಬೇಕು. ಶಿಕ್ಷಕರು ಹೆಚ್ಚಾಗಿ ಹುಡುಗರತ್ತ ತಿರುಗಿಯೇ ಪಾಠ ಮಾಡುತ್ತಾರೆ; ಹುಡುಗ ಗೆದ್ದರೆ ಬುದ್ಧಿವಂತ, ಹುಡುಗಿ ಗೆದ್ದರೆ ಬರೀ ಶ್ರಮಜೀವಿ ಎನ್ನುತ್ತಾರೆ ಎಂದು ಅದು ಹೇಳುತ್ತದೆ. ಬಟ್ಟೆ ಖರೀದಿಯ ಲೆಕ್ಕಗಳು ಹಲವಿದ್ದರೂ ಹೆಂಗಸರ ಉಡುಪಿನ ಮಾತು ಒಂದರಲ್ಲೂ ಇಲ್ಲದ ಪಠ್ಯಪುಸ್ತಕಗಳನ್ನೂ ಅದು ಉಲ್ಲೇಖಿಸುತ್ತದೆ. ಇಳಕಲ್ ಸೀರೆಯ ನಾಡಿನವರಾದ ನಮಗೆ ಇದು ನಗುವ ಮಾತೋ, ಅಳುವ ಮಾತೋ! ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವಾಗ ಎಣಿಕೆ ತಪ್ಪುವಂತಿಲ್ಲ. ಕಸೂತಿಯ ಗವಂತಿ, ಮುರಗಿಗಳೆಲ್ಲ ಬಟ್ಟೆಯ ಎಳೆ ಎಣಿಸಿಯೇ ಹಾಕುವಂಥವು. ಈ ಎಣಿಕೆ ಬಲ್ಲ ತಾಯಂದಿರ ಮಗಳು ಶಾಲೆಯಲ್ಲಿ ಕರಿಹಲಗೆಯ ಮುಂದೆ ನಿಂತಾಗ ಯಾಕೆ ಹೆದರುತ್ತಾಳೆ?

ಮರೋಳದಂಥ ಊರಿನ ಮಿಶ್ರ ಶಾಲೆಯಲ್ಲಿ ಒಂದು ತಾಸು ಕುಳಿತು ನೋಡಿದರೆ ಉತ್ತರ ಸಿಗುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಹುಡುಗರ ಸಾಲಿನಿಂದ ಕೂಗು ಬರುತ್ತದೆ, ಸರಿಯೋ ತಪ್ಪೋ. ಹುಡುಗಿಯರ ಸಾಲಿನಲ್ಲಿ ಉತ್ತರ ನೋಟ್‌ಬುಕ್ಕಿನಲ್ಲಿ ಇರುತ್ತದೆ, ಬಾಯಿಗೆ ಬರುವುದಿಲ್ಲ. ಒಬ್ಬಳು ತಪ್ಪಿದರೆ ಆಚೆ ಸಾಲು ನಗುತ್ತದೆ, ಮರುದಿನ ಈಚೆ ಸಾಲು ಕೈ ಎತ್ತುವುದಿಲ್ಲ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಕೂಗಿದವನ ಉತ್ತರವನ್ನೇ ನಾವು ತೆಗೆದುಕೊಂಡರೆ ಅವನು ಕೂಗುತ್ತಲೇ ಇರುತ್ತಾನೆ. ಪ್ರಶ್ನೆ ಕೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಎಲ್ಲರೂ ಬರೆದ ನಂತರ ಒಬ್ಬರ ಹೆಸರು ಹಿಡಿದು ಕರೆದರೆ ಸಾಕಷ್ಟು ಬದಲಾಗುತ್ತದೆ.

ಹುಟ್ಟುಗುಣ ಎನ್ನುವವರಿಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಗಣಿತದಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸ ಕಾಣಲಿಲ್ಲ. ಗಣಿತದ ಅತ್ಯುನ್ನತ ಫೀಲ್ಡ್ಸ್ ಪದಕವನ್ನು ಮೊದಲು ಪಡೆದ ಮಹಿಳೆ, 2014ರಲ್ಲಿ, ಇರಾನಿನ ಮರಿಯಮ್ ಮಿರ್ಜಾಖಾನಿ. ಅವರು ಕಲಿತದ್ದು ಟೆಹರಾನಿನ ಹೆಣ್ಣುಮಕ್ಕಳ ಶಾಲೆಯಲ್ಲಿ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹುಡುಗಿಯರು ಮುಂದೆ ಎಂಬ ಸುದ್ದಿ ವರ್ಷ ವರ್ಷವೂ ಓದುತ್ತೇವೆ.

ಆ ಸುದ್ದಿ ಓದಿದ ತಿಂಗಳೊಳಗೇ ಪಿ.ಯು.ಸಿ. ಪ್ರವೇಶದ ಫಾರ್ಮು ಮನೆಗೆ ಬರುತ್ತದೆ. ಕಾಲೇಜು ದೂರ, ಟ್ಯೂಷನ್ ಖರ್ಚು, ಹೇಗೂ ಮದುವೆ ಆಗುವವಳು ಎಂದು ತಂದೆ ಅಥವಾ ಅಣ್ಣ ಕಲಾ ವಿಭಾಗಕ್ಕೆ ಗುರುತು ಹಾಕುತ್ತಾರೆ. ಸಂಘದ ಸದಸ್ಯರಾದ ನೀವು ಅಂಥ ಮನೆಗೆ ಹೋದಾಗ, ಗುರುತು ಹಾಕುವ ಮೊದಲು ಅವಳ ಗಣಿತದ ಅಂಕಪಟ್ಟಿ ತೋರಿಸಲು ಹೇಳಿ. ಯಾವ ವಿಷಯ ಬೇಕೆಂದು ಅವಳನ್ನೂ ಒಮ್ಮೆ ಕೇಳಿ.