ಹಬ್ಬದಿದ್ದರೂ ಅದೇ ಬಳಗ

‘ಅಮ್ಮನ ಹಾಗೆ ಕನ್ನಡ ಬರದಿದ್ದರೆ ನಾವು ಕನ್ನಡಿಗರೇ?’ ಎಂದು ಕೇಳುವ ಗೆಳೆಯರೇ, ಸ್ವೀಡನ್ನಿನದೇ ಒಂದು ಹೂವಿನ ಕಥೆ ಕೇಳಿ.

ಕ್ಲೆಮ್ಯಾಟಿಸ್ ಹೆಸರಿನ ಗ್ರೀಕ್ ಮೂಲವೇ ಬಳ್ಳಿಯನ್ನು ಸೂಚಿಸುತ್ತದೆ. ಆದರೆ ನೀಲಿ ಗಂಟೆಯಂತೆ ತಲೆಬಾಗಿ ಅರಳುವ ‘ಇಂಟೆಗ್ರಿಫೋಲಿಯ’ ಯಾವ ಆಸರೆಗೂ ಹಬ್ಬುವುದಿಲ್ಲ. 1753ರಲ್ಲಿ ಉಪ್ಸಾಲದ ಕಾರ್ಲ್ ಲಿನೇಯಸ್ ತಮ್ಮ ‘ಸ್ಪೀಸೀಸ್ ಪ್ಲಾಂಟಾರಂ’ನಲ್ಲಿ ಇದನ್ನೂ, ಬಿಳಿ ಹೂವಿನ ‘ರೆಕ್ಟಾ’ವನ್ನೂ ಹಬ್ಬುವ ಬಳ್ಳಿಗಳ ಜೊತೆಗೇ ಸೇರಿಸಿದರು. ಅವರ ವಿಂಗಡಣೆಗೆ ಆಧಾರ ಹೂವು: ಕೇಸರಗಳೂ ಹಲವು, ಶಲಾಕೆಗಳೂ ಹಲವು.

ಮುಂದೆ ಸ್ವೀಡನ್ನಿನವರೇ ಆದ ಮಾಗ್ನುಸ್ ಯೋನ್ಸನ್ ಕ್ಲೆಮ್ಯಾಟಿಸ್ ಬೆಳೆಸಿ, 1997ರಲ್ಲಿ ಈ ಕುಲದ ಬಗ್ಗೆಯೇ ಹೆಬ್ಬೊತ್ತಿಗೆ ತಂದರು.

ಚಳಿಗಾಲದಲ್ಲಿ ಇದರ ಕಾಂಡ ಒಣಗುತ್ತದೆ, ಬೇರು ಬದುಕಿರುತ್ತದೆ. ವಸಂತದಲ್ಲಿ ಒಣಕಾಂಡ ಕತ್ತರಿಸಿ, ಹಳೆಯ ಬುಡವನ್ನು ಮೊಳಕೆ, ಬೇರುಗಳ ಸಮೇತ ಸೀಳಿ ಅಂಚಿನ ಪಾತಿಯಲ್ಲಿ ನೆಡಿ. ಬೀಜದ ಸಸಿ ತಾಯಿಯನ್ನು ಹೋಲದಿರಬಹುದು. ಆದರೂ ಅದು ಕ್ಲೆಮ್ಯಾಟಿಸ್ಸೇ.