ಲಕ್ಕಿಡಿಯ ಕಲ್ಲು, ಕಪಿಲೆಯ ನೀರು

ಕಲ್ಲೀಕೋಟೆಯಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ಮುಗಿಯುವುದು ಕೊಳ್ಳೇಗಾಲದಲ್ಲಿ. ತಾಮರಶ್ಶೇರಿ ಘಟ್ಟ ಹತ್ತಿ, ಕಲ್ಪೆಟ್ಟ, ಸುಲ್ತಾನ್ ಬತ್ತೇರಿ ದಾಟಿ, ಬಂಡೀಪುರದ ಕಾಡಿನೊಳಗಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರಕ್ಕೆ ಬರುತ್ತದೆ. ಹಳಬರ ಬಾಯಲ್ಲಿ ಇವತ್ತಿಗೂ ಅದು 212. ನಂಜನಗೂಡಿನಲ್ಲಿ ಹುಟ್ಟಿ ನರಸೀಪುರದಲ್ಲಿ ಮೇಷ್ಟ್ರಾಗಿ ದುಡಿದ ನನಗೆ ಈ ಎರಡೂ ಒಂದೇ ರಸ್ತೆಯ, ಒಂದೇ ಹೊಳೆಯ ಊರುಗಳು. ಮಳೆಗಾಲದಲ್ಲಿ ರಸ್ತೆ ಬಂದ್ ಆಯಿತೆಂದರೆ ನಮ್ಮವರು ಹೊಳೆಯ ದಂಡೆಗೆ ಹೋಗಿ ನಿಂತು ನೋಡುತ್ತಾರೆ. ಆದರೆ ಅದರ ಕಾರಣ ಶುರುವಾಗುವುದು ವೈನಾಡಿನ ನೆತ್ತಿಯಲ್ಲಿ.

ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ಗುಂಡ್ಲುಪೇಟೆ, ತೆರಕಣಾಂಬಿ ಕಡೆಯ ತರಕಾರಿ ತುಂಬಿಕೊಂಡು ಕಲ್ಲೀಕೋಟೆಗೆ ಇಳಿಯುವುದು ಅವರ ಕಸುಬು. ಲಕ್ಕಿಡಿಯಲ್ಲಿ ಘಟ್ಟ ಶುರು. ಅಲ್ಲಿಂದ ಕೆಳಕ್ಕೆ ಒಂಬತ್ತು ಹೇರ್‌ಪಿನ್ ತಿರುವುಗಳು. ಕಲ್ಲು ಬಿದ್ದು ದಾರಿ ಕಟ್ಟಿಕೊಂಡರೆ ಲೋಡಿನ ಲಾರಿಗಳೆಲ್ಲ ಮೇಲೇ ಸಾಲಾಗಿ ನಿಲ್ಲಬೇಕು. ಹಿಂದಿನ ಚಕ್ರಕ್ಕೆ ಮರದ ತುಂಡು ಅಡೆ ಕೊಟ್ಟು, ಟಾರ್ಪಾಲಿನ ಒಂದು ಮೂಲೆ ಎತ್ತಿ ಕಟ್ಟಿ ಟೊಮ್ಯಾಟೋಗೆ ಗಾಳಿಯಾಡಿಸಬೇಕು. ಅಡಿಯ ಸಾಲಿನ ಹಣ್ಣು ಒಡೆದು ರಸ ತೊಟ್ಟಿಕ್ಕಲು ಶುರುವಾದರೆ ಆ ಲೋಡಿನ ಬಾಡಿಗೆ ಹೋದಂತೆಯೇ. "ಮಳೇಲಿ ರಸ್ತೆ ನೋಡ್ಬೇಡ ಕಣೋ, ಬೆಟ್ಟದ ಮೈ ನೋಡು. ಚರಂಡೀಲಿ ನೀರು ಕೆಂಪಗೆ ಬಂತಾ, ಮೇಲೆ ಮಣ್ಣು ಬಿಟ್ಟದೆ ಅಂತ ಲೆಕ್ಕ" ಅನ್ನುತ್ತಿದ್ದರು.

ಅವರ ಮಾತಿನಲ್ಲಿ ಭೂವಿಜ್ಞಾನವೇ ಇತ್ತು. ಘಟ್ಟದ ಒಳಗಿರುವುದು ಗಟ್ಟಿ ಕಲ್ಲು; ಮೇಲಿರುವುದು ಕಾಲಾಂತರದಲ್ಲಿ ಸವೆದು ಪುಡಿಯಾದ ಕೆಂಪು ಮಣ್ಣು. ರಸ್ತೆಗೆಂದು ಬೆಟ್ಟದ ಪಕ್ಕೆ ಕಡಿದಾಗ ಆ ಮಣ್ಣಿಗೂ ಬಂಡೆಗೂ ಕೆಳಗಿದ್ದ ಆಸರೆ ತಪ್ಪಿತು. ಮಳೆ ದಿನಗಟ್ಟಲೆ ಹಿಡಿದರೆ ನೀರು ಬಿರುಕಿಗಿಳಿದು ಒಳಗಿನಿಂದಲೇ ಒತ್ತುತ್ತದೆ, ಮಣ್ಣಿನ ತೂಕ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. ಲಕ್ಕಿಡಿಯಾದರೋ ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು.

ಈ ಘಟ್ಟದ ದಾರಿಯನ್ನು ತೋರಿಸಿದವನು ಕರಿಂತಂಡನ್ ಎಂಬ ಪಣಿಯ ಬುಡಕಟ್ಟಿನವನು ಎಂದು ವೈನಾಡಿನ ಐತಿಹ್ಯ ಹೇಳುತ್ತದೆ. ದಾರಿ ಗೊತ್ತಾದ ಮೇಲೆ ಹೆಸರು ತನ್ನದಾಗಲೆಂದು ಬ್ರಿಟಿಷ್ ಎಂಜಿನಿಯರ್ ಅವನನ್ನು ಕೊಲ್ಲಿಸಿದನಂತೆ. ಅವನ ಆತ್ಮ ದಾರಿಹೋಕರನ್ನು ಕಾಡಿತೆಂದು ಮಂತ್ರವಾದಿಯೊಬ್ಬ ಅದನ್ನು ಮರಕ್ಕೆ ಸರಪಳಿಯಲ್ಲಿ ಬಿಗಿದನಂತೆ. ಸರಪಳಿ ಸುತ್ತಿದ ಆ ಮರ ಲಕ್ಕಿಡಿಯಲ್ಲಿ ರಸ್ತೆಬದಿಯಲ್ಲೇ ಇದೆ. ಕಾಗದದ ದಾಖಲೆ ಏನೇ ಹೇಳಲಿ, ರಸ್ತೆ ಮಾಡಿದವರ ಪಟ್ಟಿಯಲ್ಲಿ ಕಾಡಿನವರ ಹೆಸರು ಬಿಟ್ಟುಹೋದದ್ದನ್ನು ಈ ಕಥೆಯಷ್ಟು ನೇರವಾಗಿ ಹೇಳುವುದು ಇನ್ನೊಂದಿಲ್ಲ. ಮೈಸೂರಿನ ದಂಡೂ ವೈನಾಡಿನ ದಾರಿಗಳನ್ನು ಬಲ್ಲದ್ದು: ಟಿಪ್ಪು ಮದ್ದುಗುಂಡು ಇರಿಸಿದ್ದ ಜೈನ ಬಸದಿ ಬತ್ತೇರಿಯಲ್ಲಿ ಇಂದಿಗೂ ಇದೆ.

ಲಕ್ಕಿಡಿಯಿಂದ ಸ್ವಲ್ಪ ದೂರದಲ್ಲೇ ಪೂಕೋಡು ಕೆರೆ. ಪನಮರಂ ಹೊಳೆ ಹುಟ್ಟುವುದು ಅಲ್ಲಿಂದ. ಅದು ಮಾನಂದವಾಡಿ ಹೊಳೆಯನ್ನು ಕೂಡಿಕೊಂಡು ಕಬಿನಿಯಾಗುತ್ತದೆ. ನಮಗೆ ಅವಳು ಕಪಿಲೆ. ಘಟ್ಟದ ತುದಿಯಲ್ಲಿ ಬಂಡೆ ಸಡಿಲಿಸುವ ಮಳೆಯೇ ಮೂಡಣಕ್ಕೆ ಹರಿದು ಬೀಚನಹಳ್ಳಿ ಅಣೆಕಟ್ಟೆ ತುಂಬಿಸುತ್ತದೆ. 1974ರಲ್ಲಿ ಮುಗಿದ ಆ ಜಲಾಶಯ ಹಿಡಿಯುವುದು 19.52 ಟಿಎಂಸಿ, ಕಾವೇರಿಗೆ ಕಟ್ಟಿದ ಕನ್ನಂಬಾಡಿಯದು 49.45. ಪುಟ್ಟ ಒಡಲು, ಬೇಗ ತುಂಬುತ್ತದೆ. ಮಟ್ಟ 2,284 ಅಡಿ ಮುಟ್ಟಿತೆಂದರೆ ಬಂದಷ್ಟನ್ನೂ ಬಿಡಲೇಬೇಕು.

ಬಿಟ್ಟ ನೀರು ನಂಜನಗೂಡಿನಲ್ಲಿ ಮೊದಲು ಸ್ನಾನಘಟ್ಟದ ಮೆಟ್ಟಿಲು ನುಂಗುತ್ತದೆ, ಆಮೇಲೆ ಹದಿನಾರು ಕಾಲು ಮಂಟಪಕ್ಕೆ ಏರುತ್ತದೆ. ನಮ್ಮೂರಿನವರಿಗೆ ಆ ಮಂಟಪವೇ ಅಳತೆಗೋಲು. ಕಂಬ ಎಷ್ಟು ಕಾಣುತ್ತಿದೆ ಎಂದು ಕೇಳಿಕೊಂಡೇ ದನಕರು ಬಿಚ್ಚುವುದು, ಅಂಗಡಿಯ ಮೂಟೆ ಅಟ್ಟಕ್ಕೇರಿಸುವುದು. ಮಂಟಪ ಮುಳುಗಿದ ಮೇಲೆ ಮಲ್ಲನಮೂಲೆ ಮಠದ ಬಳಿಯ ತಗ್ಗಿನಲ್ಲಿ ಹೊಳೆ ಹೆದ್ದಾರಿಗೆ ನುಗ್ಗುತ್ತದೆ, ಪೊಲೀಸರು ಬ್ಯಾರಿಕೇಡ್ ಇಡುತ್ತಾರೆ. 2018ರಲ್ಲೂ 2019ರಲ್ಲೂ ಆಗಸ್ಟ್‌ನಲ್ಲಿ ಹೀಗೇ ಆಯಿತು. ಅಲ್ಲೇ ಆಚೆ 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಕಮಾನು ಸೇತುವೆ ಎಷ್ಟೋ ಪ್ರವಾಹಗಳನ್ನು ಕಂಡು ನಿಂತಿದೆ. ಅದನ್ನು ಕಟ್ಟಿದವರು ಹೊಳೆಯ ಎತ್ತರ ಅರಿತಿದ್ದರು. ತಗ್ಗಿನಲ್ಲಿ ಡಾಂಬರು ಹಾಸಿದವರಿಗೆ ಆ ಅರಿವು ಇರಬೇಕಿತ್ತು.

2019ರ ಆಗಸ್ಟ್ 8ರಂದು ವೈನಾಡಿನ ಮೇಪ್ಪಾಡಿ ಬಳಿಯ ಪುತ್ತುಮಲೆ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಆ ಮಣ್ಣು, ಆ ಮನೆಗಳು, ಆ ಜನ ಹೋದದ್ದು ಪಡುವಣದ ಚಾಲಿಯಾರ್ ಹೊಳೆಗೆ, ಕಪಿಲೆಗಲ್ಲ. ಮಳೆ ಮಾತ್ರ ಒಂದೇ. ನೀರು ಇಬ್ಭಾಗವಾಗುವ ಏಣಿನ ಆಚೆ ಅದು ಊರು ತೆಗೆಯಿತು, ಈಚೆ ನಮ್ಮ ರಸ್ತೆಗೆ ಬಂತು. ನರಸೀಪುರದಲ್ಲಿ ಈ ನೀರು ಕಾವೇರಿಯನ್ನು ಕೂಡುತ್ತದೆ. ಕನ್ನಂಬಾಡಿಯಿಂದಲೂ ಅದೇ ಹೊತ್ತಿಗೆ ನೀರು ಬಿಟ್ಟಿದ್ದರೆ ಸಂಗಮದಲ್ಲಿ ಎರಡು ಹೊಳೆಗಳು ಒಂದನ್ನೊಂದು ತಡೆದು ನಿಂತು, ಗುಂಜಾ ನರಸಿಂಹಸ್ವಾಮಿ ಗುಡಿಯ ಕಡೆಯ ಮೆಟ್ಟಿಲುಗಳಿಗೆ ಏರುತ್ತವೆ.

2025ರ ಆಗಸ್ಟ್ 26ರ ಸಂಜೆ ಲಕ್ಕಿಡಿಯ ಒಂಬತ್ತನೇ ತಿರುವಿನಲ್ಲಿ ಬಂಡೆ, ಮರ, ಮಣ್ಣು ಒಟ್ಟಿಗೆ ರಸ್ತೆಗೆ ಬಿದ್ದವು. ತೆರವು ಮಾಡಿದ ಮೇಲೂ ಮತ್ತೆ ಕಲ್ಲುರುಳಿತು. ಭಾರಿ ವಾಹನಗಳನ್ನು ಬೇರೆ ಘಟ್ಟಗಳಿಗೆ ತಿರುಗಿಸಿದರು. ನಮ್ಮ ಕಡೆಯ ಚಾಲಕರಿಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ. 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳ ಸಂಚಾರವಿಲ್ಲ. ಪ್ರಾಣಿಗಳಿಗಾಗಿ ಮಾಡಿದ ಆ ನಿಯಮ ಸರಿಯಾದದ್ದೇ, ಅದು ಇರಲೇಬೇಕು. ಆದರೆ ಘಟ್ಟದಲ್ಲಿ ತಡವಾದವನು ಗೇಟಿನ ಹೊತ್ತು ಮೀರಿ ರಾತ್ರಿಯೆಲ್ಲ ಕಾಡಿನಂಚಿನಲ್ಲಿ ಬಿದ್ದುಕೊಳ್ಳುತ್ತಾನೆ. ಅವನಿಗೊಂದು ಶೌಚಾಲಯ, ಮಲಗಲು ಒಂದು ಸೂರು ಕೇಳುವುದು ದೊಡ್ಡ ಬೇಡಿಕೆಯಲ್ಲ.

ಆ ಕುಸಿತವಾದ ಐದನೇ ದಿನವೇ, ಆಗಸ್ಟ್ 31ರಂದು, ಈ ಘಟ್ಟಕ್ಕೆ ಪರ್ಯಾಯವಾದ ಆನಕ್ಕಾಂಪೊಯಿಲ್–ಮೇಪ್ಪಾಡಿ ಸುರಂಗ ರಸ್ತೆಯ ಕೆಲಸಕ್ಕೆ ಚಾಲನೆ ಕೊಟ್ಟರು. ಎಂಟು ಕಿಲೋಮೀಟರಿಗೂ ಉದ್ದ. ತಿರುವುಗಳ ಕಾಟ ತಪ್ಪೀತು. ಆದರೆ ಅದರ ಬಾಯಿ ತೆರೆಯುವುದು ಚೂರಲ್‌ಮಲೆಯ ಸೀಮೆಯಲ್ಲೇ ಎಂಬುದು ನನಗೆ ದಿಗಿಲು ಹುಟ್ಟಿಸುತ್ತದೆ. ಅದು ಮುಗಿಯಲು ವರ್ಷಗಳು ಬೇಕು. ಅದಕ್ಕೆ ಮುಂಚೆ ಆಗಬಹುದಾದ ಸಣ್ಣ ಕೆಲಸವೊಂದಿದೆ: ಘಟ್ಟದ ಮೇಲಿನ ವೈತಿರಿ, ಲಕ್ಕಿಡಿಯಲ್ಲಿ ಮಳೆ ಎಷ್ಟಾಯಿತು, ಘಟ್ಟ ತೆರೆದಿದೆಯೇ ಎಂಬುದನ್ನು ಮುಂಗಾರಿನುದ್ದಕ್ಕೂ ದಿನವೂ ಗುಂಡ್ಲುಪೇಟೆ, ನಂಜನಗೂಡು, ನರಸೀಪುರದ ಬಸ್ ನಿಲ್ದಾಣಗಳಲ್ಲೂ ತರಕಾರಿ ಮಂಡಿಗಳಲ್ಲೂ ಕನ್ನಡದಲ್ಲಿ ಬರೆದು ಹಾಕುವುದು.